ಆರು ತಿಂಗಳು ಓಡದೆ ಕೂರೋ ಮೋಟ್ರನ್ನ ಕೆಡದಂಗೆ ಇಡೋದು ಹೇಗೆ

ನಮ್ದು ತೀರ್ಥಹಳ್ಳಿ ಕಡೆ ತುಂಗಾ ಹೊಳೆ ದಂಡೇಲಿ ಅಡಿಕೆ ತೋಟ. ಹೊಳೆ ಪಂಪು ಡಿಸೆಂಬರಿಂದ ಮೇ ತನಕ ಓಡತ್ತೆ, ರೋಹಿಣಿ ಮಳೆ ಶುರುವಾಗೋ ಮುಂಚೆ ಮೋಟ್ರನ್ನ ಬಿಚ್ಚಿ ಮೇಲೆ ತರ್ಬೇಕು, ಇಲ್ಲಾಂದ್ರೆ ಹೊಳೇನೇ ತಗೊಂಡು ಹೋಗತ್ತೆ. ಒಂದ್ ವರ್ಷ 5 ಎಚ್‌ಪಿ ಮಾನೋಬ್ಲಾಕನ್ನ (ಪಂಪು, ಮೋಟ್ರು ಒಂದೇ ಮೈಯಲ್ಲಿರೋದು) ತಂದು ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ನೆಲದ ಮೇಲಿಟ್ಟು, ಭದ್ರವಾಗಿರ್ಲಿ ಅಂತ ಪ್ಲಾಸ್ಟಿಕ್ ತಾಡಪಾಲು ಸುತ್ತಿ ಹಗ್ಗ ಬಿಗಿದಿದ್ದೆ. ಡಿಸೆಂಬರಲ್ಲಿ ಬಿಚ್ಚಿದ್ರೆ ಮೇಲ್ನೋಟಕ್ಕೆ ಹೊಸದರ ಹಾಗೇ ಇತ್ತು. ಹೊಳೆಗೆ ಇಳಿಸಿ ಸ್ಟಾರ್ಟರ್ ಒತ್ತಿದೆ, ಗುಂಯ್ ಅಂತು, ಒಂದು ಸೆಕೆಂಡು ತಿರುಗ್ತೋ ಇಲ್ವೋ, ಸುಟ್ಟ ವಾಸನೆ.

ರಿವೈಂಡಿಂಗ್ ಅಂಗಡಿಗೆ ಹೊತ್ಕೊಂಡು ಹೋದ್ರೆ ಅಲ್ಲಿಯವ್ರು ಕವರ್ ಬಿಚ್ಚಿ ರೋಟರ್, ಅಂದ್ರೆ ಒಳಗೆ ತಿರುಗೋ ಭಾಗ, ಎಳೆದು ತೋರ್ಸಿದ್ರು. ರೋಟರ್ ಕೆಳಭಾಗದಲ್ಲಿ ಇಟ್ಟಿಗೆ ಬಣ್ಣದ ತುಕ್ಕಿನ ಪಟ್ಟಿ, ಅದರ ಸುತ್ತ ತಿರುಗದೆ ಕೂರೋ ಸ್ಟೇಟರ್ ಒಳಗೂ ಸರಿಯಾಗಿ ಅದೇ ಜಾಗದಲ್ಲಿ ಇನ್ನೊಂದು ಪಟ್ಟಿ. "ಇದು ಓಡಿ ಸುಟ್ಟ ಮೋಟ್ರಲ್ಲ ಮಾರಾಯ್ರೆ, ಮಲಗಿ ಕೊಳೆತಿದ್ದು, ನೀವು ಆನ್ ಮಾಡಿದ್ದು ಕಡೇ ಏಟು ಅಷ್ಟೆ" ಅಂದ್ರು. ಅವತ್ತಿಂದ ನಾನು ಮೋಟ್ರು ಇಡೋ ಕ್ರಮಾನೇ ಬದಲಾಯಿಸ್ದೆ, ಅದನ್ನೇ ಇಲ್ಲಿ ಬರೀತಿದೀನಿ. ಹೊಳೆ ಪಂಪು ಅಂತಲ್ಲ, ಅಡಿಕೆ ಸುಲಿಯೋ ಮೆಷಿನ್ನು, ಕಾಫಿ ಪಲ್ಪರ್, ಆಲೆಮನೆ ಗಾಣ, ಫ್ಯಾಕ್ಟರಿ ಸ್ಟೋರಲ್ಲಿ ಸ್ಪೇರ್ ಅಂತ ವರ್ಷಗಟ್ಲೆ ಕೂರೋ ಮೋಟ್ರು, ಎಲ್ಲದಕ್ಕೂ ಹೆಚ್ಚುಕಮ್ಮಿ ಇದೇ.

ಮೊದ್ಲು ಒಳಗೆ ಏನಾಗತ್ತೆ ನೋಡಿ

ಮೋಟ್ರು ಪೂರ್ತಿ ಮುಚ್ಚಿದ ಡಬ್ಬಿ ಅಂತ ನಾವು ಅಂದ್ಕೊಂಡಿರ್ತೀವಿ. ಹಾಗೇನಿಲ್ಲ, ಅದು ಉಸಿರಾಡತ್ತೆ. ಹಗಲು ಸ್ವಲ್ಪ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಶಾಫ್ಟ್ ಸಂದಿ, ಟರ್ಮಿನಲ್ ಬಾಕ್ಸ್ ಸಂದಿಯಿಂದ ಹೊರಗೆ ಬರತ್ತೆ, ರಾತ್ರಿ ತಣ್ಣಗಾದಾಗ ಹೊರಗಿನ ಥಂಡಿ ಗಾಳೀನ ಒಳಗೆ ಎಳ್ಕೊಳತ್ತೆ. ಆ ಗಾಳೀಲಿರೋ ನೀರು ಕಬ್ಬಿಣದ ಮೇಲೆ ಬೆವರಿನ ಹಾಗೆ ಕೂರತ್ತೆ, ಕೆಳಗೆ ಇಳಿದು ಅಡಿಯಲ್ಲಿ ನಿಲ್ಲತ್ತೆ. ದಿನಕ್ಕೆ ಒಂದೆರಡು ಹನಿ ಅಂದ್ರೂ ಪುನರ್ವಸು, ಪುಷ್ಯ, ಆಶ್ಲೇಷ ಮಳೆ ಮುಗಿಯೋ ಹೊತ್ತಿಗೆ ಎಷ್ಟಾಯ್ತು ಲೆಕ್ಕ ಹಾಕಿ. ಓಡ್ತಾ ಇರೋ ಮೋಟ್ರು ತನ್ನ ಬಿಸಿಗೇ ಇದನ್ನೆಲ್ಲ ಒಣಗಿಸ್ಕೊಳತ್ತೆ, ಕೂತಿರೋದಕ್ಕೆ ಆ ಬಿಸಿ ಎಲ್ಲಿಂದ ಬರ್ಬೇಕು?

ನನ್ನ ತಾಡಪಾಲು ಮಾಡಿದ್ದೂ ಇದೇ ಕೆಲಸ. ನೆಲದ ಥಂಡಿ ಒಳಗೆ ಏರ್ತು, ಹೊರಗೆ ಹೋಗೋಕೆ ದಾರಿ ಇರ್ಲಿಲ್ಲ.

ಎರಡನೇದು ಬೇರಿಂಗು. ಒಂದೇ ಜಾಗದಲ್ಲಿ ತಿಂಗಳುಗಟ್ಲೆ ನಿಂತ್ರೆ ಗುಂಡುಗಳು ಕೂತಿರೋ ಕಡೆಯಿಂದ ಗ್ರೀಸು ಸರಿದು ಹೋಗತ್ತೆ, ಗ್ರೀಸಿಂದ ಎಣ್ಣೆ ಬೇರೆಯಾಗಿ ಕೆಳಗೆ ಇಳಿಯತ್ತೆ, ಬರೀ ಉಕ್ಕಿಗೆ ಉಕ್ಕು ತಾಗಿ ಅಲ್ಲೇ ಸಣ್ಣ ಸಣ್ಣ ತುಕ್ಕಿನ ಗೀಟು ಬೀಳತ್ತೆ. ಆಮೇಲೆ ಓಡಿಸಿದಾಗ ಗರಗರ ಅನ್ನೋದು ಅದೇ.

ಬಿಚ್ಚಿ ತಂದ ದಿನ ಮಾಡೋ ಕೆಲಸ

ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಳಿ, ಇದನ್ನ ಹೇಳೋದೇ ಬೇಡ ಅನ್ಸತ್ತೆ, ಆದ್ರೂ ಹೇಳ್ತೀನಿ. ವೈರ್ ಬಿಚ್ಚೋ ಮುಂಚೆ ಟರ್ಮಿನಲ್ ಬಾಕ್ಸಿನದ್ದೊಂದು, ನೇಮ್ ಪ್ಲೇಟಿನದ್ದೊಂದು ಫೋಟೋ ಮೊಬೈಲಲ್ಲಿ ತೆಗೆದಿಟ್ಕೊಳಿ. ಆರು ತಿಂಗಳಾದ್ಮೇಲೆ ಯಾವ ವೈರ್ ಯಾವುದಕ್ಕೆ ಅಂತ ಯಾರಿಗೂ ನೆನಪಿರಲ್ಲ, ಉಲ್ಟಾ ತಿರುಗತ್ತೆ.

ಪಂಪಿಗೆ ಸೇರಿದ ಮೋಟ್ರಾದ್ರೆ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಪಂಪಿನ ಹೊಟ್ಟೇಲಿರೋ ನೀರು ಪೂರ್ತಿ ಇಳಿಸಿ, ಒಂದು ಬಕೆಟ್ ಒಳ್ಳೇ ನೀರು ಹಾಕಿ ಮರಳು ತೊಳೆದು ಮತ್ತೆ ಇಳಿಸಿ. ಪ್ಲಗ್ ವಾಪಸ್ ಹಾಕ್ಬೇಡಿ, ಒಂದು ಕವರಲ್ಲಿ ಹಾಕಿ ಅಲ್ಲೇ ಕಟ್ಟಿಡಿ. ಗ್ಲ್ಯಾಂಡಿಗೆ (ಶಾಫ್ಟ್ ಪಂಪಿಂದ ಹೊರಗೆ ಬರೋ ಜಾಗ) ದಾರ ಹಾಕಿರೋ ಪಂಪಾದ್ರೆ ಹಳೇ ದಾರ ಕಿತ್ತು ಬಿಸಾಡಿ, ಒದ್ದೆ ದಾರ ಶಾಫ್ಟನ್ನ ತಬ್ಕೊಂಡು ಕೂತ್ರೆ ಅಷ್ಟು ಭಾಗ ಮಾತ್ರ ತುಕ್ಕು ಹಿಡಿದು ಗುಂಡಿ ಬೀಳತ್ತೆ. ಬೆಲ್ಟ್ ಇರೋದಾದ್ರೆ ಬೆಲ್ಟ್ ತೆಗೀರಿ, ಬಿಗಿಯಾಗಿ ಬಿಟ್ರೆ ಬೆಲ್ಟೂ ಹಾಳು, ಬೇರಿಂಗಿಗೂ ಒಂದೇ ಕಡೆ ಎಳೆತ.

ಆಮೇಲೆ ಮೈ ಒರೆಸೋದು. ಒಣ ಬಟ್ಟೆ, ಬ್ರಷ್ಷು ಸಾಕು. ಪ್ರೆಷರ್ ವಾಷರಲ್ಲಿ ತೊಳೆಯೋರನ್ನ ನೋಡಿದೀನಿ, ದಯವಿಟ್ಟು ಬೇಡ, ಆ ಒತ್ತಡಕ್ಕೆ ನೀರು ಸೀಲ್ ದಾಟಿ ಸೀದಾ ಒಳಗೆ ಹೋಗತ್ತೆ. ಫ್ಯಾನ್ ಕವರ್ ಬಿಚ್ಚಿ ಒಳಗಿನ ಕಸ, ದರಗು, ಜೇಡರಬಲೆ ತೆಗೀರಿ.

ಮೆಗ್ಗರ್ ಹಾಕೋದು, ಇದನ್ನ ಬಿಡ್ಬೇಡಿ

ವೈಂಡಿಂಗ್ (ಒಳಗಿನ ತಂತಿ ಸುತ್ತು) ಒಣಗಿದ್ಯಾ ಇಲ್ವಾ ಅಂತ ಕಣ್ಣಿಗೆ ಕಾಣಲ್ಲ, ಮಾಮೂಲಿ ಮಲ್ಟಿಮೀಟರಿಗೂ ಗೊತ್ತಾಗಲ್ಲ. ಅದಕ್ಕೆ ಮೆಗ್ಗರ್ ಬೇಕು, ವೈಂಡಿಂಗಿಂದ ಬಾಡಿಗೆ ಕರೆಂಟ್ ಸೋರತ್ತಾ ಅಂತ ಅಳೆಯೋ ಮೀಟರ್. 415 ವೋಲ್ಟಿನ ಮೋಟ್ರಿಗೆ 500 ವೋಲ್ಟ್ ಡಿಸಿ ಮೆಗ್ಗರ್ ಸಾಕು. ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ನಿಮ್ಮೂರಿನ ಎಲೆಕ್ಟ್ರೀಷಿಯನ್ ಹತ್ರ ಅಥವಾ ರಿವೈಂಡಿಂಗ್ ಅಂಗಡೀಲಿ ಇರತ್ತೆ, ಒಂದು ಟೀ ಕುಡಿಸಿ ಕರ್ಕೊಂಡು ಬನ್ನಿ.

ಮಾಡೋದು ಹೀಗೆ. ಸ್ಟಾರ್ಟರಿಂದ ಬಂದ ವೈರೆಲ್ಲ ಬಿಚ್ಚಿರ್ಬೇಕು, ಡ್ರೈವಿಗೆ (ವೇಗ ಹೆಚ್ಚುಕಮ್ಮಿ ಮಾಡೋ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸೇರಿರೋ ಮೋಟ್ರಾದ್ರಂತೂ ಕಡ್ಡಾಯ, ಇಲ್ಲಾಂದ್ರೆ ಮೆಗ್ಗರಿನ ವೋಲ್ಟೇಜಿಗೆ ಡ್ರೈವೇ ಹೋಗತ್ತೆ. ಒಂದು ಕ್ಲಿಪ್ಪನ್ನ ಮೋಟ್ರಿನ ಬಾಡಿಗೆ, ಪೇಂಟ್ ಕೆರೆದು ಬರೀ ಕಬ್ಬಿಣ ಕಾಣೋ ಕಡೆ, ಇನ್ನೊಂದನ್ನ ವೈಂಡಿಂಗ್ ತುದಿಗೆ ಹಾಕಿ. ಆರು ತುದಿ ಹೊರಗೆ ಬಂದಿರೋ ಮೋಟ್ರಾದ್ರೆ ತುದಿಗಳನ್ನ ಸೇರಿಸಿರೋ ಲೋಹದ ಪಟ್ಟಿ ತೆಗೆದು ಒಂದೊಂದು ಫೇಸನ್ನೂ ಬಾಡಿಗೆ, ಆಮೇಲೆ ಫೇಸಿಂದ ಫೇಸಿಗೆ ನೋಡಿ. ಒಂದು ನಿಮಿಷ ಒತ್ತಿ ಹಿಡಿದು, ಆ ನಿಮಿಷದ ಕೊನೇಲಿ ಬಂದ ನಂಬರ್ ಬರ್ಕೊಳಿ, ಮುಳ್ಳು ಎದ್ದ ತಕ್ಷಣದ್ದಲ್ಲ. ಮುಗಿದ್ಮೇಲೆ ಆ ತುದೀನ ಬಾಡಿಗೆ ವೈರಲ್ಲಿ ನಾಲ್ಕೈದು ನಿಮಿಷ ಶಾರ್ಟ್ ಮಾಡಿಡಿ, ವೈಂಡಿಂಗಲ್ಲಿ ಚಾರ್ಜ್ ಉಳಿದಿರತ್ತೆ, ಕೈ ಹಾಕಿದ್ರೆ ಹೊಡೆಯತ್ತೆ.

ನಂಬರ್ ಎಷ್ಟಿರ್ಬೇಕು? ಒಳ್ಳೇ ಒಣ ಮೋಟ್ರು 100 ಮೆಗಾ ಓಮ್ ದಾಟಿ ಆರಾಮಾಗಿ ತೋರ್ಸತ್ತೆ. ಮನೆ, ತೋಟದಲ್ಲಿ ಬಳಸೋ ಇಂಥ ಮೋಟ್ರಿಗೆ 40 ಡಿಗ್ರಿ ಲೆಕ್ಕದಲ್ಲಿ 5 ಮೆಗಾ ಓಮ್ ಅನ್ನೋದು ಕನಿಷ್ಠ, ಅದಕ್ಕಿಂತ ಕೆಳಗೆ ಬಂದ್ರೆ ಕರೆಂಟ್ ಕೊಡೋ ಹಾಗೇ ಇಲ್ಲ. ಹಳೇ ಕಾಲದವ್ರು ಒಂದೂವರೆ ಮೆಗಾ ಓಮ್ ಇದ್ರೆ ಸಾಕು ಅಂತಿದ್ರು, ಇವತ್ತಿಗೂ ಹೇಳೋರಿದಾರೆ, ನಾನು ಅದನ್ನ ನಂಬಲ್ಲ. ಇನ್ನೊಂದು ವಿಷ್ಯ, ವೈಂಡಿಂಗ್ 10 ಡಿಗ್ರಿ ಬಿಸಿಯಾದ್ರೆ ರೀಡಿಂಗ್ ಸುಮಾರು ಅರ್ಧಕ್ಕೆ ಇಳಿಯತ್ತೆ, ಹಂಗಾಗಿ ಮೇ ತಿಂಗಳ ಮಧ್ಯಾಹ್ನದ ರೀಡಿಂಗನ್ನ ಡಿಸೆಂಬರ್ ಬೆಳಗಿನ ರೀಡಿಂಗ್ ಜೊತೆ ಸುಮ್ನೆ ಹೋಲಿಸೋಕೆ ಹೋಗ್ಬೇಡಿ, ಪಕ್ಕದಲ್ಲಿ ಅವತ್ತಿನ ಬಿಸಿಲೆಷ್ಟಿತ್ತು ಅಂತಾನೂ ಬರ್ದಿಡಿ.

ಇಡೋ ದಿನ ರೀಡಿಂಗ್ ಕಮ್ಮಿ ಬಂದ್ರೆ ಒಣಗಿಸಿಯೇ ಇಡ್ಬೇಕು, ಒದ್ದೆ ಮೋಟ್ರನ್ನ ಎಷ್ಟು ಚೆನ್ನಾಗಿ ಪ್ಯಾಕ್ ಮಾಡಿದ್ರೂ ಪ್ರಯೋಜನ ಇಲ್ಲ.

ಎಲ್ಲಿ ಇಡೋದು, ಎಲ್ಲಿ ಇಡಬಾರದು

ನೆಲದ ಮೇಲೆ ಬೇಡ. ಎರಡು ಮರದ ರೀಪರ್ ಅಥವಾ ಇಟ್ಟಿಗೆ ಮೇಲೆ ಹಲಗೆ ಹಾಕಿ ಗೇಣೆತ್ತರ ಎತ್ತಿಡಿ, ಮರ ಹಾಕಿದ್ರೆ ಒರಲೆ ಹತ್ತಿದ್ಯಾ ಅಂತ ಆಗಾಗ ನೋಡಿ. ಗೋಡೆಗೂ ತಾಗಿಸ್ಬೇಡಿ. ಶಾಫ್ಟ್ ಅಡ್ಡ ಇರೋ ಮೋಟ್ರನ್ನ ಅಡ್ಡವೇ ಇಡಿ, ನಿಂತು ಕೆಲಸ ಮಾಡೋ ಮೋಟ್ರನ್ನ ನಿಲ್ಲಿಸಿಯೇ ಇಡಿ, ಜಾಗ ಇಲ್ಲ ಅಂತ ಉರುಳಿಸ್ಬೇಡಿ. ಮೋಟ್ರಿನ ಅಡಿಯಲ್ಲಿ ಸಣ್ಣ ಡ್ರೈನ್ ತೂತು ಇದ್ರೆ ಅದರ ಪ್ಲಗ್ ತೆಗೆದು ತೂತು ಕೆಳಗೇ ಬರೋ ಹಾಗೆ ಇಡಿ, ಒಳಗೆ ಬೆವರಿದ್ರೂ ಇಳಿದು ಹೋಗ್ಲಿ.

ಕೊಟ್ಟಿಗೆ ಬೇಡವೇ ಬೇಡ. ಗಂಜಲದ ಘಾಟು ಅಂದ್ರೆ ಅಮೋನಿಯಾ, ಅದು ತಾಮ್ರವನ್ನ ತಿನ್ನತ್ತೆ. ಗೊಬ್ಬರದ ಕೋಣೆಯೂ ಬೇಡ, ಯೂರಿಯಾ, ಪೊಟ್ಯಾಷ್ ಮೂಟೆ ಮಳೆಗಾಲದಲ್ಲಿ ಹೆಂಗೆ ನೀರಾಗತ್ತೆ ಅಂತ ನಿಮಗೇ ಗೊತ್ತು. ಇನ್ನು ನಮ್ಮ ಅಡಿಕೆ ಜನ ಮಾಡೋ ದೊಡ್ಡ ತಪ್ಪು ಅಂದ್ರೆ ಮೈಲುತುತ್ತ, ಸುಣ್ಣ ಇಡೋ ಕೋಣೇಲೇ ಮೋಟ್ರನ್ನೂ ಇಡೋದು, ಔಷಧಿ ಹೊಡೆಯೋ ಸಾಮಾನೆಲ್ಲ ಒಂದೇ ಕಡೆ ಇರ್ಲಿ ಅಂತ. ಮೈಲುತುತ್ತದ ಪುಡಿ ಥಂಡಿ ಜೊತೆ ಸೇರಿ ಕಬ್ಬಿಣದ ಮೇಲೆ ಕೂತ್ರೆ ಆಯ್ತು ಕತೆ, ಪೇಂಟ್ ಹೋದ ಜಾಗವನ್ನೆಲ್ಲ ಹುಡುಕಿ ಹುಡುಕಿ ತಿನ್ನತ್ತೆ. ಔಷಧಿ ಕದಡಿದ ಕೈಯಲ್ಲಿ ಮೋಟ್ರು ಮುಟ್ಟೋದನ್ನೂ ನಮ್ಮನೇಲಿ ನಿಲ್ಲಿಸಿದೀನಿ.

ಹಿಟ್ಟಿನ ಗಿರಣಿ, ಜನರೇಟರ್ ಇಂಥ ನಡುಗೋ ಮೆಷಿನ್ ಪಕ್ಕಾನೂ ಬೇಡ, ನಿಂತ ಬೇರಿಂಗಿಗೆ ಆ ನಡುಕ ಗುಂಡಿನ ಅಚ್ಚು ಒತ್ತತ್ತೆ. ಬೇರೆ ಜಾಗಾನೇ ಇಲ್ಲ ಅಂದ್ರೆ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ನಮ್ಮನೇಲಿ ಈಗ ಬಚ್ಚಲೊಲೆ ಗೋಡೆಯ ಈಚೆ ಇರೋ ಸಣ್ಣ ಕೋಣೇಲಿ ಇಡ್ತೀವಿ. ದಿನಾ ಒಲೆ ಉರಿಯತ್ತೆ, ಗೋಡೆ ಬೆಚ್ಚಗಿರತ್ತೆ, ಹೊಗೆ ಮಾತ್ರ ಬರಲ್ಲ.

ಶಾಫ್ಟು, ತೂತುಗಳು, ಮುಚ್ಚಿಗೆ

ಶಾಫ್ಟಿನ ಹೊರಗೆ ಕಾಣೋ ಭಾಗ, ಕೀ ಕೂರೋ ತೋಡು, ಪಾದದ ಅಡಿಯ ಬರೀ ಕಬ್ಬಿಣ ಇವನ್ನೆಲ್ಲ ಸೀಮೆಎಣ್ಣೇಲಿ ಒರೆಸಿ ಪೂರ್ತಿ ಒಣಗಿದ್ಮೇಲೆ ದಪ್ಪಕ್ಕೆ ಗ್ರೀಸ್ ಬಳಿದು ಮೇಣದ ಕಾಗದವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಸುತ್ತಿ ದಾರ ಕಟ್ಟಿ. ಡಬ್ಬಿ ಸ್ಪ್ರೇ ಹೊಡೆದು ಬಿಡೋರಿದಾರೆ, ಅದು ತೆಳು, ಒಂದೆರಡು ತಿಂಗಳಲ್ಲಿ ಆರಿ ಹೋಗತ್ತೆ, ಮಳೆಗಾಲಕ್ಕೆ ಸಾಲಲ್ಲ. ಬೆವರಿದ ಬರಿಗೈಯಲ್ಲಿ ಮುಟ್ಟಿ ಹಾಗೇ ಬಿಟ್ರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಯತ್ತೆ, ನಂಬಿಕೆ ಇಲ್ದಿದ್ರೆ ಒಂದ್ಸಲ ಮಾಡಿ ನೋಡಿ.

ಟರ್ಮಿನಲ್ ಬಾಕ್ಸಿನ ಮುಚ್ಚಳ ಹಾಕಿ ನಾಲ್ಕೂ ಸ್ಕ್ರೂ ಬಿಗೀರಿ, ಕೇಬಲ್ ಬರೋ ತೂತಿಗೆ ಮರದ ಬಿರಡೆಯೋ ಸರಿಯಾದ ಪ್ಲಗ್ಗೋ ಹೊಡೀರಿ. ಬಟ್ಟೆ ತುರುಕಿದ್ರೆ ಆಗಲ್ಲ, ಬಟ್ಟೆ ಥಂಡಿ ಹೀರ್ಕೊಳತ್ತೆ, ಇಲಿಗೆ ಗೂಡೂ ಆಗತ್ತೆ. ಇಲಿ ವೈರಿನ ಮೇಲಿನ ಸ್ಲೀವ್ ತಿಂದು ಹಾಕಿದ್ರೆ ವೈಂಡಿಂಗ್ ಚೆನ್ನಾಗಿದ್ರೂ ಬಾಕ್ಸ್ ಒಳಗೇ ಶಾರ್ಟ್. ಫ್ಯಾನ್ ಕವರಿನ ಜಾಲರಿಗೆ ಮಣ್ಣುಗೂಡು ಕಟ್ಟೋ ಕಣಜ ಬರದಂಗೆ ಸೊಳ್ಳೆ ಜಾಲರಿ ಕಟ್ಟಿದ್ರೆ ಒಳ್ಳೇದು. ಒಂದು ವರ್ಷ ಅದರ ಗೂಡು ಫ್ಯಾನಿಗೂ ಕವರಿಗೂ ಸೇರಿ ಸಿಮೆಂಟ್ ಹಾಗೆ ಕೂತಿತ್ತು.

ಮೇಲೆ ಹೊದಿಸೋದು ಹತ್ತಿ ಬಟ್ಟೆ ಇಲ್ಲ ಗೋಣಿಚೀಲ, ಧೂಳು ಬೀಳದಂಗೆ ಅಷ್ಟೆ. ಪ್ಲಾಸ್ಟಿಕ್ಕೇ ಹಾಕ್ಬೇಕು, ಸೋರೋ ಮಾಡು ಅಂದ್ರೆ ಕೊಡೆ ಹಾಗೆ ಮೇಲೆ ಮಾತ್ರ ಹಾಕಿ ಕೆಳಗೆ ಸುತ್ತ ಗಾಳಿ ಆಡೋ ಹಾಗೆ ಬಿಡಿ. ಪೂರ್ತಿ ಸೀಲ್ ಮಾಡೋದಾದ್ರೆ ಒಳಗೆ ಸಿಲಿಕಾ ಜೆಲ್ ಬೇಕೇ ಬೇಕು. ನೀಲಿ ಜೆಲ್ಲು ಥಂಡಿ ಕುಡಿದು ಗುಲಾಬಿ ಆಗತ್ತೆ, ಆಗ ತೆಗೆದು ಓವನಲ್ಲಿ 120 ಡಿಗ್ರೀಲಿ ಎರಡು ಗಂಟೆ ಬಿಸಿ ಮಾಡಿದ್ರೆ ಮತ್ತೆ ನೀಲಿ. ಅಡುಗೆ ಮಾಡೋ ಓವನಲ್ಲಿ ಬೇಡ, ಆ ನೀಲಿ ಬಣ್ಣ ಕೋಬಾಲ್ಟಿಂದು, ಹೊಟ್ಟೆಗೆ ಹೋಗೋ ವಸ್ತುವಲ್ಲ.

ಬಲ್ಬಿನ ಉಪಾಯ

ದೊಡ್ಡ ಮೋಟ್ರುಗಳಲ್ಲಿ ಒಳಗೇ ಸ್ಪೇಸ್ ಹೀಟರ್ ಇರತ್ತೆ, ಮೋಟ್ರು ನಿಂತಾಗ ಅದನ್ನ ಆನ್ ಇಟ್ರೆ ಮುಗೀತು, ವಿಚಿತ್ರ ಅಂದ್ರೆ ಎಷ್ಟೋ ಸ್ಟೋರಲ್ಲಿ ಹೀಟರ್ ಇರೋ ಮೋಟ್ರಿಗೇ ಕನೆಕ್ಷನ್ ಕೊಟ್ಟಿರಲ್ಲ. ನಮ್ಮ ಸಣ್ಣ ಮೋಟ್ರಿಗೆ ಅದಿಲ್ಲ, ಬೇಕಾಗಿರೋದು ಮೋಟ್ರು ಸುತ್ತಲಿನ ಗಾಳಿಗಿಂತ 5ರಿಂದ 10 ಡಿಗ್ರಿ ಬೆಚ್ಚಗಿರೋದು ಅಷ್ಟೇ. ಅದಕ್ಕೆ ಹಳೇ ಮರದ ಪೆಟ್ಟಿಗೆ ಅಥವಾ ತಗಡಿನ ಡಬ್ಬ ಕವುಚಿ, ಅಡಿಯಲ್ಲಿ ಎರಡು ಬೆರಳು ಸಂದಿ, ಮೇಲೆ ಒಂದೆರಡು ತೂತು ಬಿಟ್ಟು, ಒಳಗೆ ಕೆಳಗಡೆ 40 ಇಲ್ಲ 60 ವಾಟಿನ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಅಲ್ಲ, ನಮ್ಮ ತಮ್ಮ 9 ವಾಟಿನ ಎಲ್‌ಇಡಿ ಹಾಕಿ ಒಂದು ತಿಂಗಳು ಮೋಟ್ರಿಗೆ ದೀಪ ಹಚ್ಚಿಟ್ಟಿದ್ದ. ಬಲ್ಬು ಗೋಣಿಗೆ, ಪ್ಲಾಸ್ಟಿಕ್ಕಿಗೆ, ಮರಕ್ಕೆ ತಾಗಬಾರದು, ಬೆಂಕಿ ಹತ್ತತ್ತೆ. ಗುಡುಗು ಸಿಡಿಲಿನ ದಿನ ಪಿನ್ ಕಿತ್ತಿಡಿ.

ತಿಂಗಳಿಗೊಂದು ಸಲ, ಅಮಾವಾಸ್ಯೆ ದಿನ

ಇದು ಐದು ನಿಮಿಷದ ಕೆಲಸ, ಆದ್ರೆ ಮರೆಯೋದೂ ಇದನ್ನೇ. ನಾನು ಅಮಾವಾಸ್ಯೆ ಅಂತ ಇಟ್ಕೊಂಡಿದೀನಿ, ಕ್ಯಾಲೆಂಡರಲ್ಲಿ ಕಪ್ಪು ಚುಕ್ಕೆ ಕಂಡ್ರೆ ನೆನಪಾಗತ್ತೆ. ಶಾಫ್ಟನ್ನ ಕೈಯಲ್ಲಿ ಹತ್ತು ಹದಿನೈದು ಸುತ್ತು ತಿರುಗ್ಸಿ, ಗ್ರೀಸು ಮತ್ತೆ ಎಲ್ಲ ಕಡೆ ಹರಡ್ಲಿ. ಪ್ಲಾಸ್ಟಿಕ್ ಫ್ಯಾನಿನ ರೆಕ್ಕೆ ಹಿಡಿದು ತಿರುಗಿಸ್ಬೇಡಿ, ಮುರಿಯತ್ತೆ, ಶಾಫ್ಟನ್ನೇ ಹಿಡೀರಿ. ನಿಲ್ಲಿಸುವಾಗ ಹೋದ ತಿಂಗಳು ನಿಂತ ಜಾಗದಿಂದ ಕಾಲು ಸುತ್ತು ಮುಂದೆ ನಿಲ್ಲಬೇಕು. ಅದಕ್ಕೆ ಶಾಫ್ಟ್ ತುದೀಲಿ ಪೇಂಟಲ್ಲಿ ಒಂದು ಚುಕ್ಕೆ ಇಟ್ಟಿದೀನಿ: ಜೂನಲ್ಲಿ ಚುಕ್ಕೆ ಮೇಲೆ, ಜುಲೈಲಿ ಬಲಕ್ಕೆ, ಆಗಸ್ಟಲ್ಲಿ ಕೆಳಗೆ, ಸೆಪ್ಟೆಂಬರಲ್ಲಿ ಎಡಕ್ಕೆ. ತಿರುಗಿಸುವಾಗ ಕೈಗೆ ಏನನ್ಸತ್ತೆ ಅಂತ ಗಮನ ಕೊಡಿ, ಬೆಣ್ಣೆ ಹಾಗೆ ತಿರುಗಬೇಕು, ಕಟಕಟ ಅಂದ್ರೆ ಬೇರಿಂಗು, ಒಂದು ಕಡೆ ಬಿಗಿ ಬಂದ್ರೆ ಪಂಪಿನ ಒಳಗೆ ತುಕ್ಕು ಕಟ್ಟಿದೆ ಅಂತ.

ಅಡಿಕೆ ಸುಲಿಯೋ ಮೆಷಿನ್ ಥರ ಜಾಗದಲ್ಲೇ ಇರೋ ಮೋಟ್ರಾದ್ರೆ ಮೆಗ್ಗರ್ ನೋಡ್ಕೊಂಡು ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸ್ಬಿಡಿ, ಮೈ ಬೆಚ್ಚಗಾಗೋ ತನಕ. ಎರಡು ನಿಮಿಷ ಓಡಿಸಿ ನಿಲ್ಲಿಸಿದ್ರೆ ಥಂಡಿ ಹೊರಗೆ ಹೋಗಲ್ಲ. ಪಂಪನ್ನ ಮಾತ್ರ ನೀರಿಲ್ದೆ ಓಡಿಸ್ಬೇಡಿ, ಸೀಲ್ ಸುಡತ್ತೆ.

ಗ್ರೀಸು, ಕೆಪಾಸಿಟರ್, ಇನ್ನೊಂದೆರಡು

ಗ್ರೀಸ್ ನಿಪ್ಪಲ್ ಇರೋ ದೊಡ್ಡ ಮೋಟ್ರಿಗೆ ಇಡೋ ಮುಂಚೆ ಹೊಸ ಗ್ರೀಸ್ ತುಂಬಿದ್ರೆ ಥಂಡಿಗೆ ಜಾಗ ಇರಲ್ಲ. ವಾಪಸ್ ಓಡಿಸುವಾಗ ಕೆಳಗಿನ ಗ್ರೀಸ್ ಪ್ಲಗ್ ತೆಗೆದು ಹೆಚ್ಚಿನದ್ದು ಹೊರಗೆ ಬರೋಕೆ ಬಿಡ್ಬೇಕು, ಇಲ್ಲಾಂದ್ರೆ ಬೇರಿಂಗ್ ಕಾಯತ್ತೆ. ಮೊದಲಿರೋದು ಲಿಥಿಯಂ ಗ್ರೀಸಾದ್ರೆ ಅದನ್ನೇ ಹಾಕಿ, ಪಾಲಿಯೂರಿಯಾ ಜೊತೆ ಬೆರೆಸ್ಬೇಡಿ, ಎರಡೂ ಸೇರಿದ್ರೆ ತೆಳುವಾಗಿ ಸೋರಿ ಹೋಗಬಹುದು. ಎರಡೂ ಕಡೆ ಮುಚ್ಚಿದ ಝಡ್‌ಝಡ್ ಅಂತ ಬರೆದಿರೋ ಬೇರಿಂಗಿಗೆ ಗ್ರೀಸ್ ಹಾಕೋಕೆ ಆಗಲ್ಲ, ಮೂರು ವರ್ಷ ಸುಮ್ನೆ ಕೂತಿದ್ರೆ ಬದಲಾಯಿಸ್ಬಿಡೋದು ವಾಸಿ, ಬೇರಿಂಗಿನ ದುಡ್ಡು ರಿವೈಂಡಿಂಗ್ ಮುಂದೆ ಏನೂ ಅಲ್ಲ.

ಸಿಂಗಲ್ ಫೇಸ್ ಮೋಟ್ರಿನ ಕಪ್ಪು ಬಣ್ಣದ ಸ್ಟಾರ್ಟಿಂಗ್ ಕೆಪಾಸಿಟರ್ ಕೂತಲ್ಲೇ ಹಾಳಾಗೋ ಜಾತಿ, ಓಡಿಸೋ ಮುಂಚೆ ಚೆಕ್ ಮಾಡ್ಸಿ, ಮುಟ್ಟೋ ಮುಂಚೆ ಡಿಸ್ಚಾರ್ಜ್ ಮಾಡಿ. ಕಾರ್ಬನ್ ಬ್ರಷ್ ಇರೋ ಮೋಟ್ರಾದ್ರೆ ಬ್ರಷ್ ಎತ್ತಿಡಿ, ಇಲ್ಲಾಂದ್ರೆ ಅದು ಕೂತ ಜಾಗದಲ್ಲೇ ಕಲೆ ಬೀಳತ್ತೆ. ಬೋರಿಂದ ಮೇಲೆತ್ತಿದ, ಒಳಗೆ ನೀರು ತುಂಬೋ ಥರದ ಸಬ್‌ಮರ್ಸಿಬಲ್ಲಾದ್ರೆ ಲೆಕ್ಕ ಬೇರೆ, ಅದರೊಳಗಿನ ಹಳೇ ನೀರು ತೆಗೆದು ತೊಳೆದು ಜೊತೆಗೆ ಬಂದ ಪುಸ್ತಕದಲ್ಲಿ ಹೇಳಿದ ಹಾಗೆ ಇಡಿ, ಇಳಿಸುವಾಗ ಕುಡಿಯೋ ಅಂಥ ಶುದ್ಧ ನೀರು ಗಾಳಿ ಗುಳ್ಳೆ ಬರೋದು ನಿಲ್ಲೋ ತನಕ ತುಂಬಿ, ಕೈಯಲ್ಲಿ ಶಾಫ್ಟ್ ತಿರುಗತ್ತಾ ನೋಡದೆ ಬೋರಿಗೆ ಬಿಡ್ಬೇಡಿ.

ವಾಪಸ್ ಓಡಿಸೋ ದಿನ

ಅವಸರ ಇರತ್ತೆ, ತೋಟ ಒಣಗ್ತಿರತ್ತೆ, ಆದ್ರೂ ಮೊದ್ಲು ಮೆಗ್ಗರ್. "ಓಡಿಸಿದ್ರೆ ತಾನೇ ಒಣಗತ್ತೆ ಬಿಡು" ಅಂತ ನಮ್ಮ ಅಪ್ಪಯ್ಯ ಅಂತಿದ್ರು, ಅವ್ರ ಮಾತು ಕೇಳಿ ಸುಟ್ಕೊಂಡಿದ್ದೇ ಮೇಲೆ ಹೇಳಿದ ಮೋಟ್ರು. ರೀಡಿಂಗ್ ಕಮ್ಮಿ ಇದ್ರೆ ಎರಡೂ ಕಡೆ ಕವರ್ ಬಿಚ್ಚಿಸಿ ನಾಲ್ಕೈದು ದಿನ ಒಳ್ಳೇ ಬಿಸಿಲಿಗಿಡಿ, ಸಂಜೆ ಮಂಜು ಬೀಳೋ ಮುಂಚೆ ಒಳಗೆ ತನ್ನಿ, ಇಲ್ಲ ಬಲ್ಬಿನ ಪೆಟ್ಟಿಗೇಲಿ ಎರಡು ಮೂರು ದಿನ ಇಡಿ. ಅಂಗಡಿ ಓವನಲ್ಲಾದ್ರೆ 80, 90 ಡಿಗ್ರಿ ಸಾಕು, ಏಕ್‌ದಂ ಬಿಸಿ ಮಾಡಬಾರದು, ಒಳಗಿನ ನೀರು ಆವಿಯಾಗಿ ವಾರ್ನಿಷ್ ಒಡೆಯತ್ತೆ. ಒಣಗಿಸುವಾಗ ರೀಡಿಂಗ್ ಮೊದ್ಲು ಇನ್ನೂ ಕೆಳಗೆ ಇಳಿಯತ್ತೆ, ಹೆದರ್ಬೇಡಿ, ಥಂಡಿ ಹೊರಗೆ ಬರ್ತಿದೆ ಅಂತ ಅರ್ಥ, ಆಮೇಲೆ ನಿಧಾನಕ್ಕೆ ಏರಿ ಒಂದು ಕಡೆ ನಿಲ್ಲತ್ತೆ.

ರೀಡಿಂಗ್ ಸರಿ ಬಂದ್ಮೇಲೆ ಶಾಫ್ಟಿನ ಗ್ರೀಸ್ ಒರೆಸಿ, ಡ್ರೈನ್ ಪ್ಲಗ್ಗುಗಳನ್ನ ಹಾಕಿ, ಹೊಸ ಗ್ಲ್ಯಾಂಡ್ ದಾರ ಸುತ್ತಿ, ಫೋಟೋ ನೋಡ್ಕೊಂಡು ವೈರ್ ಕೊಡಿ, ಅರ್ಥಿಂಗ್ ವೈರ್ ಮರೀಬೇಡಿ. ಸ್ಟಾರ್ಟರ್ ಬಾಕ್ಸನ್ನೂ ತೆಗೆದು ನೋಡಿ, ಹಲ್ಲಿ ಕಾಂಟ್ಯಾಕ್ಟ್ ಮಧ್ಯೆ ಸಿಕ್ಕಿ ಒಣಗಿರತ್ತೆ, ಆಗ ಒಂದು ಫೇಸ್ ಸೇರಲ್ಲ. ಮೂರೂ ಫೇಸ್ ವೋಲ್ಟೇಜ್ ನೋಡಿ, ಪಂಪಿಗೆ ನೀರು ತುಂಬಿ, ಆಮೇಲೆ ಒತ್ತಿ. ಒಂದು ಕ್ಷಣ ಓಡಿಸಿ ಆಫ್ ಮಾಡಿ ದಿಕ್ಕು ನೋಡಿ. ಸರಿ ಇದ್ರೆ ಹತ್ತು ನಿಮಿಷ ಬಿಟ್ಟು ಮೂರೂ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ, 5 ಎಚ್‌ಪಿಗೆ ಪೂರ್ತಿ ಲೋಡಲ್ಲಿ ಸುಮಾರು 7.5 ಆಂಪ್ಸ್, ಮೂರೂ ಹೆಚ್ಚುಕಮ್ಮಿ ಒಂದೇ ಇರ್ಬೇಕು. ಉದ್ದ ಸ್ಕ್ರೂಡ್ರೈವರಿನ ಮೊನೇನ ಬೇರಿಂಗ್ ಇರೋ ಕಡೆ ಒತ್ತಿ ಹಿಡಿಯನ್ನ ಕಿವಿಗಿಟ್ಟು ಕೇಳಿ, ಒಂದೇ ಸಮ ಸೊಂಯ್ ಅಂತಿದ್ರೆ ಸರಿ. ಆಮೇಲೆ ಗ್ಲ್ಯಾಂಡ್ ನಟ್ ಸ್ವಲ್ಪ ಸ್ವಲ್ಪವೇ ಬಿಗೀರಿ, ಪೂರ್ತಿ ನಿಲ್ಲಿಸೋಕೆ ಹೋಗ್ಬೇಡಿ, ದಾರ ತಣ್ಣಗಿರೋಕೆ ಅಲ್ಲಿಂದ ನೀರು ಹನಿ ಹನಿಯಾಗಿ ಬೀಳ್ತಾನೇ ಇರ್ಬೇಕು.